ಚೆಕ್ ಎಂಜಿನ್ ಲೈಟ್ ಮತ್ತೆ ಮತ್ತೆ ಬರುತ್ತಿದೆ, ಫೋನಿನಲ್ಲೇ ಓದಬಹುದಾ? (ನಾಪೋಕ್ಲು, ಕೊಡಗು)

ನಾಪೋಕ್ಲು ಗದ್ದೆ | ಜುಲೈ 20, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಮ್ಮದು 2018ರ ಪೆಟ್ರೋಲ್ ಕಾರು, ಬಿಎಸ್ 4 (ಹೊಗೆ ನಿಯಮದ ನಾಲ್ಕನೇ ಹಂತ). ಕಳೆದ ತಿಂಗಳು ಅಮ್ಮನನ್ನು ಮಡಿಕೇರಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವಾಗ ಮೂರ್ನಾಡು ದಾಟಿದ ಮೇಲೆ ಚೆಕ್ ಎಂಜಿನ್ ಲೈಟ್ ಬಂತು. ಅದರ ಜೊತೆಗೇ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗಲು ಶುರು ಮಾಡಿತು. ಗಾಡಿ ಓಡುತ್ತದೆ, ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ.

ಒಂದು ಗ್ಯಾರೇಜಿನಲ್ಲಿ ಮಷಿನ್ ಹಾಕಿ ನೋಡಿ 'ಟೆಂಪರೇಚರ್ ಸೆನ್ಸರ್ ಹೋಗಿದೆ' ಅಂದರು. ಬದಲಾಯಿಸಿದರು. ಮೂರು ದಿನ ಸರಿ ಇತ್ತು, ಮತ್ತೆ ಲೈಟ್ ಬಂತು. ಎರಡನೇ ಸಲ ಥರ್ಮೋಸ್ಟಾಟ್ ಬದಲಾಯಿಸಿದರು. ಈಗ ಒಟ್ಟು 4,200 ರೂಪಾಯಿ ಆಗಿದೆ, ಲೈಟ್ ಇನ್ನೂ ಇದೆ. ಅಮ್ಮನಿಗೆ ಎರಡು ವಾರಕ್ಕೊಮ್ಮೆ ಆಸ್ಪತ್ರೆ ಇದೆ. ಈ ಕಕ್ಕಡದ (ನಮ್ಮ ಕೊಡಗಿನ ಮಳೆಗಾಲದ ತಿಂಗಳು) ಮಳೆಯಲ್ಲಿ ದಾರಿ ಮಧ್ಯೆ ನಿಂತರೆ ಏನು ಮಾಡುವುದು ಅಂತ ನಿದ್ದೆ ಬರುತ್ತಿಲ್ಲ.

ಕಾರಿಗೆ ಒಂದು ಸಣ್ಣ ಡಬ್ಬಿ ಸಿಕ್ಕಿಸಿ ಬ್ಲೂಟೂತ್‌ನಲ್ಲಿ ಫೋನಿಗೆ ಎಲ್ಲ ಮಾಹಿತಿ ತರಬಹುದು ಅಂತ ಕೇಳಿದ್ದೇನೆ. ನಿಜವಾ? ಯಾವುದು ತೆಗೆದುಕೊಳ್ಳಬೇಕು? ನಮ್ಮ ಮನೆಯಲ್ಲಿ ನೆಟ್‌ವರ್ಕ್ ಕೂಡ ಸರಿಯಾಗಿ ಸಿಗುವುದಿಲ್ಲ.

ಸಂಪಾಜೆ ತಿರುವು | ಜುಲೈ 20, ರಾತ್ರಿ 9:25

ನಿಜ. ನಾನು ಆರು ವರ್ಷದಿಂದ ಬಳಸುತ್ತಿದ್ದೇನೆ. ನಿಮ್ಮ ಕಾರಿಗೆ ಖಂಡಿತ ಆಗುತ್ತದೆ.

ಸ್ಟೀರಿಂಗ್ ಕೆಳಗೆ, ಪೆಡಲ್‌ಗಳ ಮೇಲ್ಭಾಗದಲ್ಲಿ ಬಗ್ಗಿ ನೋಡಿ. 16 ಪಿನ್ನಿನ ಒಂದು ಕನೆಕ್ಟರ್ ಇರುತ್ತದೆ, ಎರಡು ಸಾಲು, ಎಂಟೆಂಟು ತೂತು. ಅದೇ ಒಬಿಡಿ ಪೋರ್ಟ್, ಗಾಡಿಯ ಕಂಪ್ಯೂಟರ್ ತನ್ನ ತೊಂದರೆ ಹೇಳುವ ಜಾಗ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಇದು ಕಡ್ಡಾಯ. ನಮ್ಮಲ್ಲಿ ಬಿಎಸ್ 4 ಗಾಡಿಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ 2 ಬಂತು. ಬಿಎಸ್ 4 ಇಡೀ ದೇಶಕ್ಕೆ ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ 2018ರ ಕಾರಿನ ಬಗ್ಗೆ ಅನುಮಾನವೇ ಬೇಡ. 2013ಕ್ಕಿಂತ ಹಳೆಯ ಗಾಡಿ ಇರುವವರು ಮಾತ್ರ ಕೊಳ್ಳುವ ಮೊದಲು ಯಾರದ್ದಾದರೂ ಅಡಾಪ್ಟರ್ ಕೇಳಿ ಹಾಕಿ ನೋಡಿ.

ನೆಟ್‌ವರ್ಕ್ ಬಗ್ಗೆ ಚಿಂತೆ ಬೇಡ. ಡಬ್ಬಿಗೂ ಫೋನಿಗೂ ನೇರ ಸಂಪರ್ಕ, ಮಧ್ಯೆ ಟವರ್ ಬೇಕಾಗಿಲ್ಲ. ಆ್ಯಪ್ ಮಾತ್ರ ಸಿಗ್ನಲ್ ಇರುವ ಕಡೆ ಮೊದಲೇ ಇಳಿಸಿಕೊಳ್ಳಿ. ಟಾರ್ಕ್, ಕಾರ್ ಸ್ಕ್ಯಾನರ್ ಎರಡೂ ಚೆನ್ನಾಗಿವೆ. ಓಪನ್ ಸೋರ್ಸ್ ಬೇಕಾದರೆ ಆ್ಯಂಡ್ರ್‌ಒಬಿಡಿ (AndrOBD) ಇದೆ. ಮೊದಲು ಉಚಿತದ್ದನ್ನೇ ಹಾಕಿ, ಕೋಡ್ (ಯಾವ ತೊಂದರೆ ಅಂತ ಗಾಡಿ ಕೊಡುವ ಸಂಖ್ಯೆ) ಓದಲು ಅದು ಸಾಕು.

ಫೋನ್ ಯಾವುದು ಅಂತ ಹೇಳಿ. ಅಡಾಪ್ಟರ್ ಅದರ ಮೇಲೆ ನಿಂತಿದೆ.

ಕಣದ ಕಾಫಿ | ಜುಲೈ 20, ರಾತ್ರಿ 9:50

ಸುಮ್ನೆ ಡಬ್ಬಿ ಹಾಕಿ, ಆ್ಯಪ್‌ನಲ್ಲಿ 'ಕ್ಲಿಯರ್' ಒತ್ತಿ. ನನ್ನ ಗಾಡಿಯಲ್ಲಿ ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ.

ಮೂರ್ನಾಡು ಸ್ಪ್ಯಾನರ್ | ಜುಲೈ 20, ರಾತ್ರಿ 10:15

ದಯವಿಟ್ಟು ಕ್ಲಿಯರ್ ಒತ್ತಬೇಡಿ. ನಾನು 22 ವರ್ಷದಿಂದ ಮೆಕ್ಯಾನಿಕ್ ಕೆಲಸ ಮಾಡುತ್ತಿರುವವನು. ಇದೊಂದು ಮಾತು ಎಲ್ಲರೂ ಕೇಳಬೇಕು.

ಕೋಡ್ ಬಿದ್ದ ಕ್ಷಣದಲ್ಲಿ ಗಾಡಿ ಹೇಗಿತ್ತು ಅನ್ನುವುದನ್ನು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಬರೆದಿಟ್ಟುಕೊಳ್ಳುತ್ತದೆ. ಎಷ್ಟು ಸ್ಪೀಡ್, ಎಷ್ಟು ಆರ್‌ಪಿಎಂ, ಎಂಜಿನ್ ಎಷ್ಟು ಬಿಸಿ, ಎಷ್ಟು ಲೋಡ್. ಇದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕ್ಲಿಯರ್ ಒತ್ತಿದರೆ ಕೋಡ್ ಜೊತೆ ಅದೂ ಅಳಿಸಿ ಹೋಗುತ್ತದೆ. ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡ ಲೆಕ್ಕವೂ ಸೊನ್ನೆಗೆ ಬರುತ್ತದೆ. ಆಮೇಲೆ ನನ್ನ ಹತ್ತಿರ ತಂದರೆ ನಾನು ಕತ್ತಲಲ್ಲಿ ಹುಡುಕಬೇಕು.

ಕಣದ ಕಾಫಿಯವರೇ, ಎರಡು ವರ್ಷದಿಂದ ಒಂದೇ ಕೋಡ್ ಬರುತ್ತಿದ್ದರೆ ಅದು ಏನು ಅಂತ ಒಮ್ಮೆ ಇಲ್ಲಿ ಬರೆಯಿರಿ. ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತದಿರುವುದು) ಕೋಡ್ ಆಗಿದ್ದರೆ ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತದೆ. ಅದರ ಬೆಲೆ ಕೇಳಿದರೆ ಬೇಜಾರಾಗುತ್ತದೆ.

ಕಣದ ಕಾಫಿ | ಜುಲೈ 20, ರಾತ್ರಿ 10:32

ಪಿ0420. ಇದು ಮಿಸ್‌ಫೈರ್ ಅಲ್ಲ ಅಲ್ವಾ?

ಮೂರ್ನಾಡು ಸ್ಪ್ಯಾನರ್ | ಜುಲೈ 20, ರಾತ್ರಿ 10:44

ಮಿಸ್‌ಫೈರ್ ಅಂದರೆ ಪಿ0300 ರಿಂದ ಶುರು. ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಎರಡನೇದು, ಹೀಗೆ. ಪಿ0420 ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಇಸಿಯುಗೆ ಅನಿಸಿದೆ. ಕನ್ವರ್ಟರ್ ಹಿಂದಿನ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ನೋಡಿ ಅದು ಹಾಗೆ ತೀರ್ಮಾನ ಮಾಡುತ್ತದೆ. ಸೈಲೆನ್ಸರ್ ಪೈಪಿನಲ್ಲಿ ಲೀಕ್ ಇದ್ದರೂ ಈ ಕೋಡ್ ಬರಬಹುದು. ಕನ್ವರ್ಟರ್ ಬದಲಾಯಿಸುವ ಮೊದಲು ಲೀಕ್ ನೋಡಿಸಿ. ತೋಟದ ರಸ್ತೆಯಲ್ಲಿ ಕಲ್ಲು ತಾಗಿ ಪೈಪ್ ಜಾಯಿಂಟ್ ಬಿಟ್ಟಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಾಪೋಕ್ಲು ಗದ್ದೆ | ಜುಲೈ 21, ಬೆಳಿಗ್ಗೆ 7:05

ಎಲ್ಲರಿಗೂ ಧನ್ಯವಾದ. ಕ್ಲಿಯರ್ ಒತ್ತುವುದಿಲ್ಲ. ನನ್ನ ಹತ್ತಿರ ಐಫೋನ್ ಇದೆ. ಮಗನ ಆನ್‌ಲೈನ್ ಕ್ಲಾಸಿಗೆ ತಂದ ಹಳೇ ಆ್ಯಂಡ್ರಾಯ್ಡ್ ಟ್ಯಾಬ್ ಕೂಡ ಇದೆ, ಅದಕ್ಕೆ ಸಿಮ್ ಇಲ್ಲ.

ಸಂಪಾಜೆ ತಿರುವು | ಜುಲೈ 21, ಬೆಳಿಗ್ಗೆ 8:10

ಆ ಟ್ಯಾಬ್ ಸಾಕು, ಸಿಮ್ ಬೇಕಾಗಿಲ್ಲ. ಪರದೆ ದೊಡ್ಡದಿದೆ, ಓದಲು ಒಳ್ಳೆಯದು.

ಅಡಾಪ್ಟರ್ ಮೂರು ತರ. ಹಳೇ ಬ್ಲೂಟೂತ್, ಹೊಸ ಬ್ಲೂಟೂತ್ ಎಲ್‌ಇ, ಮತ್ತೆ ವೈಫೈ. ಅಗ್ಗಕ್ಕೆ ಸಿಗುವ ಹೆಚ್ಚಿನವು ಹಳೇ ಬ್ಲೂಟೂತ್. ಅವು ಆ್ಯಂಡ್ರಾಯ್ಡ್‌ಗೆ ಆಗುತ್ತವೆ, ಐಫೋನ್‌ಗೆ ಆಗುವುದಿಲ್ಲ. ಐಫೋನ್ ಇರುವವರು ಬ್ಲೂಟೂತ್ ಎಲ್‌ಇ ಅಥವಾ ವೈಫೈ ತೆಗೆದುಕೊಳ್ಳಬೇಕು. ಇದು ಗೊತ್ತಿಲ್ಲದೆ ತುಂಬಾ ಜನ 'ಡಬ್ಬಿ ಹಾಳು' ಅಂತ ವಾಪಸ್ ಕಳಿಸುತ್ತಾರೆ.

ವೈಫೈದಾದರೆ ಡಬ್ಬಿಯೇ ಒಂದು ವೈಫೈ ಹೆಸರು ತೋರಿಸುತ್ತದೆ. ಅದಕ್ಕೆ ಸೇರಿಕೊಂಡು ಆ್ಯಪ್‌ನಲ್ಲಿ 192.168.0.10, ಪೋರ್ಟ್ 35000 ಅಂತ ಕೊಡಬೇಕು, ಹೆಚ್ಚಿನವುಗಳಲ್ಲಿ ಇದೇ ಇರುತ್ತದೆ. ಬ್ಲೂಟೂತ್ ಆದರೆ ಪಿನ್ ಕೇಳುತ್ತದೆ, 1234 ಅಥವಾ 0000.

ಡಬ್ಬಿಯ ಮೇಲೆ ಇಎಲ್‌ಎಂ 327 ಅಂತ ಬರೆದಿರುತ್ತದೆ. ಅದು ಕೆನಡಾದ ಒಂದು ಕಂಪನಿ ಮಾಡಿದ ಚಿಪ್‌ನ ಹೆಸರು. ಆ ಕಂಪನಿ 2022ರಲ್ಲಿ ಮುಚ್ಚಿತು. ಈಗ ಅಗ್ಗಕ್ಕೆ ಸಿಗುವುದು ನಕಲು. ನಕಲು ಅಂದ ಮಾತ್ರಕ್ಕೆ ಕೆಲಸ ಮಾಡುವುದಿಲ್ಲ ಅಂತ ಅಲ್ಲ. ಆದರೆ ಆವೃತ್ತಿ 2.1 ಅಂತ ಬರುವ ಅಗ್ಗದ ಡಬ್ಬಿಗಳಲ್ಲಿ ಹಲವು ಆದೇಶಗಳನ್ನೇ ಬಿಟ್ಟಿರುತ್ತಾರೆ. ಕೋಡ್ ಓದಲು ಆಗುತ್ತದೆ, ಬೇರೆ ಏನಾದರೂ ಕೇಳಿದರೆ ಸುಮ್ಮನಾಗುತ್ತದೆ. ವಾಪಸ್ ಕೊಡುವ ಅವಕಾಶ ಇರುವ ಕಡೆ ತೆಗೆದುಕೊಳ್ಳಿ. ಸಾಧ್ಯವಾದರೆ ಸ್ವಲ್ಪ ಹಣ ಜಾಸ್ತಿ ಕೊಟ್ಟು ಹೆಸರಿರುವ ಕಂಪನಿಯದ್ದು ತನ್ನಿ.

ಗೋಣಿಕೊಪ್ಪ ಮಳೆ | ಜುಲೈ 21, ಮಧ್ಯಾಹ್ನ 1:20

ಒಂದು ಎಚ್ಚರಿಕೆ. ಕೆಲಸ ಮುಗಿದ ಮೇಲೆ ಡಬ್ಬಿ ತೆಗೆದಿಡಿ. ಆ ಪೋರ್ಟಿನ 16ನೇ ಪಿನ್‌ಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಬರುತ್ತಿರುತ್ತದೆ, ಕೀ ತೆಗೆದರೂ. ಹೋದ ವರ್ಷ ಮಳೆಗೆ ಎಂಟು ದಿನ ಗಾಡಿ ತೆಗೆದಿರಲಿಲ್ಲ. ಡಬ್ಬಿ ಅದರಲ್ಲೇ ಇತ್ತು. ಒಂಬತ್ತನೇ ದಿನ ಸೆಲ್ಫ್ ಎತ್ತಲಿಲ್ಲ. ಪಕ್ಕದ ಮನೆಯವರ ಜೀಪಿನಿಂದ ಕೇಬಲ್ ಹಾಕಿ ಶುರು ಮಾಡಿದೆವು.

ಬ್ಲೂಟೂತ್ ಪಿನ್ 1234 ಅಂದರೆ ಪಕ್ಕದಲ್ಲಿ ನಿಂತವರು ಯಾರಾದರೂ ಸೇರಿಕೊಳ್ಳಬಹುದು, ಅದನ್ನೂ ನೆನಪಿಡಿ. ಹಾಕಿಕೊಂಡೇ ಗಾಡಿ ಓಡಿಸುವುದಾದರೆ ಕ್ಲಚ್ ತುಳಿಯುವಾಗ ಕಾಲಿಗೆ ತಾಗುತ್ತಾ ಅಂತ ಮೊದಲು ನೋಡಿ.

ಮಾಂದಲಪಟ್ಟಿ ಜೀಪು | ಜುಲೈ 21, ಸಂಜೆ 6:30

ನಮ್ಮ ಹಳೇ ಜೀಪಿಗೆ ಇದು ಆಗುತ್ತಾ? ಮಾಂದಲಪಟ್ಟಿಗೆ ಜನರನ್ನು ಕರೆದುಕೊಂಡು ಹೋಗುವ ಗಾಡಿ. ಮೆಕ್ಯಾನಿಕಲ್ ಪಂಪ್ ಇರುವ ಡೀಸೆಲ್.

ಮೂರ್ನಾಡು ಸ್ಪ್ಯಾನರ್ | ಜುಲೈ 21, ಸಂಜೆ 7:15

ಇಲ್ಲ. ಅದರಲ್ಲಿ ಇಸಿಯು ಇಲ್ಲ, ಮಾತಾಡಲು ಯಾರೂ ಇಲ್ಲ. ಆ ಗಾಡಿಗೆ ನಿಮ್ಮ ಕಿವಿಯೇ ಸ್ಕ್ಯಾನರ್.

ಸಿದ್ದಾಪುರ ಸೇತುವೆ | ಜುಲೈ 22, ಬೆಳಿಗ್ಗೆ 6:50

ಇದೇ ಚರ್ಚೆಯಲ್ಲಿ ನಮ್ಮದೂ ಕೇಳಬಹುದಾ? ಬಿಎಸ್ 6 ಡೀಸೆಲ್ ಗಾಡಿ. ತೋಟದಿಂದ ಪೇಟೆಗೆ 6 ಕಿಲೋಮೀಟರ್, ಮತ್ತೆ ವಾಪಸ್. ದಿನಕ್ಕೆ ಎರಡು ಸಲ. ಎರಡನೇ ಗೇರ್ ಮೂರನೇ ಗೇರ್ ಅಷ್ಟೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಪದೇ ಪದೇ ಬರುತ್ತದೆ. ಅಡಾಪ್ಟರ್ ಹಾಕಿದರೆ ಪಿ2463 ತೋರಿಸುತ್ತದೆ. ಅಳಿಸಿದೆ, ಅದೇ ದಿನ ಮತ್ತೆ ಬಂತು.

ಸಂಪಾಜೆ ತಿರುವು | ಜುಲೈ 22, ಬೆಳಿಗ್ಗೆ 9:05

ಪಿ2463 ಅಂದರೆ ಫಿಲ್ಟರಿನಲ್ಲಿ ಮಸಿ ತುಂಬಿದೆ ಅಂತ. ಕೋಡ್ ಅಳಿಸಿದರೆ ಮಸಿ ಹೋಗುವುದಿಲ್ಲ ಅಲ್ವಾ. ಅಡುಗೆ ಮನೆಯ ಹೊಗೆ ಗೂಡಿನ ತರ ಅದು, ಒಳಗೆ ಕಟ್ಟಿದ್ದು ಸುಟ್ಟೇ ಹೋಗಬೇಕು.

ಸುಡಲು ಎಕ್ಸಾಸ್ಟ್ 600 ಡಿಗ್ರಿ ಆಸುಪಾಸು ಬಿಸಿಯಾಗಬೇಕು. ಅದಕ್ಕೆ ಎಂಜಿನ್ ಸ್ವಲ್ಪ ಹೊತ್ತು ಒಂದೇ ಸಮ ಓಡಬೇಕು. ನಮ್ಮ ತೋಟದ ರಸ್ತೆಗಳಲ್ಲಿ ಅದು ಆಗುವುದೇ ಇಲ್ಲ. ಗಾಡಿ ಸುಡಲು ಶುರು ಮಾಡುತ್ತದೆ, ನೀವು ಮನೆ ಸೇರಿ ಆಫ್ ಮಾಡುತ್ತೀರಿ. ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ಪದೇ ಪದೇ ಆದರೆ ಇನ್ನೊಂದು ತೊಂದರೆ ಇದೆ. ಸುಡಲೆಂದು ಜಾಸ್ತಿ ಹಾಕಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಮಟ್ಟ ಏರಿದ್ದರೆ ತಡ ಮಾಡಬೇಡಿ, ಬದಲಾಯಿಸಿ.

ನನ್ನ ಅಣ್ಣನೂ ಇದೇ ಕಷ್ಟದಲ್ಲಿದ್ದ. ಈಗ ಎರಡು ವಾರಕ್ಕೊಮ್ಮೆ ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಹೋಗುತ್ತಾನೆ. ಅಲ್ಲಿ ರಸ್ತೆ ನೇರ. 2,000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಒಂದೇ ಸಮ ಓಡಿಸುತ್ತಾನೆ. ಪಕ್ಕದಲ್ಲಿ ಕೂತವರು ಟ್ಯಾಬ್‌ನಲ್ಲಿ ಎಕ್ಸಾಸ್ಟ್ ಬಿಸಿ ನೋಡುತ್ತಾರೆ. ಅಂಕಿ ಏರಿ, ಸ್ವಲ್ಪ ಹೊತ್ತು ನಿಂತು, ತಾನೇ ಇಳಿದರೆ ಕೆಲಸ ಮುಗಿಯಿತು ಅಂತ ಅರ್ಥ. ಮಧ್ಯೆ ಎಂಜಿನ್ ಆಫ್ ಮಾಡಬೇಡಿ. ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಆ ಬಿಸಿಗೆ ಬೆಂಕಿ ಹಿಡಿಯುತ್ತದೆ.

ಡಿಪಿಎಫ್‌ನಲ್ಲಿ ಎಷ್ಟು ಮಸಿ ಇದೆ ಅನ್ನುವ ಅಂಕಿ ಎಲ್ಲ ಆ್ಯಪ್‌ನಲ್ಲೂ ಬರುವುದಿಲ್ಲ. ಅದನ್ನು ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿರುತ್ತದೆ. ನಿಮ್ಮ ಮಾಡೆಲ್‌ನ ಪಟ್ಟಿ ಆ್ಯಪ್‌ನಲ್ಲಿ ಇದೆಯಾ ಹುಡುಕಿ.

ಮೂರ್ನಾಡು ಸ್ಪ್ಯಾನರ್ | ಜುಲೈ 22, ಬೆಳಿಗ್ಗೆ 9:40

ಮೇಲಿನದ್ದೆಲ್ಲ ಸರಿ. ಆದರೆ ಲೈಟ್ ಹಳದಿ ಇರುವಾಗ ಮಾತ್ರ ಹೀಗೆ ಮಾಡಿ. ಗಾಡಿ ಎಳೆಯುವುದನ್ನೇ ಕಡಿಮೆ ಮಾಡಿದ್ದರೆ ರಸ್ತೆಗೆ ಇಳಿಸಬೇಡಿ, ಸರ್ವಿಸ್ ಸೆಂಟರ್‌ನಲ್ಲಿ ಬಲವಂತವಾಗಿ ಸುಡಿಸಬೇಕಾಗುತ್ತದೆ.

ಕುಶಾಲನಗರ ತೂಗು | ಜುಲೈ 22, ಮಧ್ಯಾಹ್ನ 3:00

ನನಗೊಂದು ಅನುಮಾನ. ಟರ್ಬೊ ಡೀಸೆಲ್ ಗಾಡಿ. ಆ್ಯಪ್‌ನಲ್ಲಿ ಮ್ಯಾನಿಫೋಲ್ಡ್ ಪ್ರೆಶರ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ) ಅಂತ ಒಂದು ಅಂಕಿ ಇದೆ. ಎಂಜಿನ್ ಆಫ್ ಇದ್ದಾಗ ಸೊನ್ನೆ ಇರಬೇಕಲ್ಲ? ಮಡಿಕೇರಿಯಲ್ಲಿ 88 ತೋರಿಸಿತು, ನಮ್ಮ ಮನೆ ಹತ್ತಿರ 92, ಮಂಗಳೂರಿಗೆ ಹೋದಾಗ 101. ಸೆನ್ಸರ್ ಹಾಳಾಗಿದೆಯಾ?

ಸಂಪಾಜೆ ತಿರುವು | ಜುಲೈ 22, ಸಂಜೆ 5:30

ನಿಮ್ಮ ಸೆನ್ಸರ್ ತುಂಬಾ ಚೆನ್ನಾಗಿದೆ! ಈ ಅಂಕಿಗಳನ್ನು ನೋಡಿ ನನಗೆ ಖುಷಿಯಾಯಿತು.

ಎಂಜಿನ್ ಆಫ್ ಇದ್ದಾಗ ಅದು ತೋರಿಸುವುದು ಹೊರಗಿನ ಗಾಳಿಯ ಒತ್ತಡ, ಕಿಲೋಪ್ಯಾಸ್ಕಲ್‌ನಲ್ಲಿ. ಸಮುದ್ರ ಮಟ್ಟದಲ್ಲಿ 101. ಮೇಲೆ ಹೋದಷ್ಟೂ ಗಾಳಿ ತೆಳು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಲೆಕ್ಕ ಹಾಕಿದರೆ ಸರಿಯಾಗಿ 88 ಬರುತ್ತದೆ. ಟರ್ಬೊ ಎಷ್ಟು ತಳ್ಳುತ್ತಿದೆ ಅಂತ ಗೊತ್ತಾಗಬೇಕಾದರೆ ಓಡುವಾಗಿನ ಅಂಕಿಯಿಂದ ಈ ಅಂಕಿಯನ್ನು ಕಳೆಯಬೇಕು.

ಟರ್ಬೊ ಇಲ್ಲದ ಪೆಟ್ರೋಲ್ ಕಾರು ಮಂಗಳೂರಿನಲ್ಲಿ ಚುರುಕಾಗಿ, ಮಡಿಕೇರಿಯಲ್ಲಿ ಸ್ವಲ್ಪ ಸೋತ ಹಾಗೆ ಅನಿಸುವುದಕ್ಕೆ ಇದೇ ಕಾರಣ. ನೂರಕ್ಕೆ ಹನ್ನೆರಡು ಹದಿಮೂರು ಭಾಗ ಗಾಳಿಯೇ ಕಡಿಮೆ.

ಇನ್ನೊಂದು ನೋಡಿ. ಸಂಪಾಜೆ ಘಾಟಿ ಇಳಿಯುವಾಗ ಪಕ್ಕದವರ ಕೈಗೆ ಟ್ಯಾಬ್ ಕೊಟ್ಟು ಪೆಟ್ರೋಲ್ ಬಳಕೆಯ ಅಂಕಿ ನೋಡಲು ಹೇಳಿ. ಗೇರ್‌ನಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಇಸಿಯು ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆಫ್ ಆಗದಂತೆ ಮತ್ತೆ ಪೆಟ್ರೋಲ್ ಹಾಕಲು ಶುರು ಮಾಡುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸಿದರೆ ಉಳಿತಾಯ ಅಂತ ನಂಬಿರುವವರು ನಮ್ಮಲ್ಲಿ ತುಂಬಾ ಇದ್ದಾರೆ. ಉಳಿತಾಯವೂ ಇಲ್ಲ, ಬ್ರೇಕ್ ಕಾದು ಹಿಡಿಯದೇ ಹೋಗುವ ಅಪಾಯ ಬೇರೆ. ನನ್ನ ಅಪ್ಪನಿಗೆ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಪರದೆಯ ಮೇಲೆ ಅಂಕಿ ತೋರಿಸಿದ ದಿನದಿಂದ ಅವರು ನ್ಯೂಟ್ರಲ್ ಬಿಟ್ಟರು.

ನಾಪೋಕ್ಲು ಗದ್ದೆ | ಜುಲೈ 28, ಸಂಜೆ 6:10

ಡಬ್ಬಿ ಬಂತು! ನಾಟಿ ಕೆಲಸ ಇದ್ದುದರಿಂದ ಇವತ್ತೇ ಕೈ ಹಾಕಿದ್ದು. ಟ್ಯಾಬ್‌ನಲ್ಲಿ ಮೊದಲು ಆ್ಯಪ್ ಡಬ್ಬಿಯನ್ನು ಹುಡುಕಲೇ ಇಲ್ಲ. ಲೊಕೇಶನ್ ಆನ್ ಮಾಡಿ, ಅನುಮತಿ ಕೊಟ್ಟ ಮೇಲೆ ಸಿಕ್ಕಿತು. ಪಿನ್ 1234.

ಕೋಡ್ ಪಿ0118. ಅದರ ಹೆಸರು ಕೂಲೆಂಟ್ (ಎಂಜಿನ್ ತಂಪು ಮಾಡುವ ನೀರು) ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್, ಹೈ. ಫ್ರೀಜ್ ಫ್ರೇಮ್ ಫೋಟೋ ತೆಗೆದಿದ್ದೇನೆ: 31 ಕಿಲೋಮೀಟರ್ ಸ್ಪೀಡ್, 2,100 ಆರ್‌ಪಿಎಂ, ಒಳಗೆ ಬರುವ ಗಾಳಿ 24 ಡಿಗ್ರಿ, ಕೂಲೆಂಟ್ ಮೈನಸ್ 40 ಡಿಗ್ರಿ. ಈಗ ಲೈವ್‌ನಲ್ಲೂ ಮೈನಸ್ 40 ಅಂತಲೇ ಇದೆ. ಮೈನಸ್ 40 ಹೇಗೆ ಬರುತ್ತದೆ? ಡಬ್ಬಿ ನಕಲು ಅಂತ ಹೀಗಾ?

ಮೂರ್ನಾಡು ಸ್ಪ್ಯಾನರ್ | ಜುಲೈ 28, ಸಂಜೆ 6:45

ಡಬ್ಬಿ ಸರಿಯಾಗಿದೆ. ನಿಮ್ಮ ಗಾಡಿ ನಿಮಗೆ ಬೇಕಾದ್ದನ್ನೇ ಹೇಳಿದೆ.

ಕೂಲೆಂಟ್ ಬಿಸಿಯನ್ನು ಇಸಿಯು 0ಯಿಂದ 255ರ ಒಳಗಿನ ಒಂದು ಅಂಕಿಯಾಗಿ ಕಳಿಸುತ್ತದೆ. ಆ್ಯಪ್ ಅದರಿಂದ 40 ಕಳೆದು ತೋರಿಸುತ್ತದೆ. ಅಂಕಿ 0 ಇದ್ದರೆ ಮೈನಸ್ 40. ಇದಕ್ಕಿಂತ ಕೆಳಗೆ ತೋರಿಸಲು ಅದಕ್ಕೆ ಆಗುವುದೇ ಇಲ್ಲ. ಮಡಿಕೇರಿಯಲ್ಲಿ ಎಷ್ಟೇ ಚಳಿ ಇದ್ದರೂ ಎಂಜಿನ್ ಮೈನಸ್ 40ಕ್ಕೆ ಹೋಗುವುದಿಲ್ಲ. ಅಂದರೆ ಇದು ಬಿಸಿಯ ಅಳತೆ ಅಲ್ಲ. ಇಸಿಯುಗೆ ಸೆನ್ಸರ್ ಕಾಣುತ್ತಲೇ ಇಲ್ಲ.

ಆ ಸೆನ್ಸರ್ ತಣ್ಣಗಾದಷ್ಟೂ ರೆಸಿಸ್ಟೆನ್ಸ್ ಏರುತ್ತದೆ. 20 ಡಿಗ್ರಿಯಲ್ಲಿ ಎರಡು ಮೂರು ಕಿಲೋ ಓಮ್, 80 ಡಿಗ್ರಿಯಲ್ಲಿ ಮುನ್ನೂರು ಓಮ್ ಆಸುಪಾಸು. ವೈರ್ ಕಡಿದು ಹೋದರೆ ರೆಸಿಸ್ಟೆನ್ಸ್‌ಗೆ ಮಿತಿಯೇ ಇಲ್ಲ. ಇಸಿಯು ಅದನ್ನು 'ವಿಪರೀತ ಚಳಿ' ಅಂತ ಓದುತ್ತದೆ. ಎಂಜಿನ್ ಕಾದರೆ ಗೊತ್ತಾಗುವುದಿಲ್ಲವಲ್ಲ ಅಂತ ಫ್ಯಾನ್ ಪೂರ್ತಿ ಓಡಿಸುತ್ತದೆ. ಚಳಿ ಅಂತ ನಂಬಿ ಪೆಟ್ರೋಲ್ ಜಾಸ್ತಿ ಹಾಕುತ್ತದೆ. ನೀವು ಹೇಳಿದ ಎರಡೂ ತೊಂದರೆ ಇದರಲ್ಲೇ ಬಂತು. ಕೆಲವು ಕಾರುಗಳಲ್ಲಿ ಇಸಿಯು ತಾನೇ 80 ಅಂತ ಒಂದು ಬದಲಿ ಅಂಕಿ ಇಟ್ಟುಬಿಡುತ್ತದೆ, ಆಗ ಹುಡುಕುವುದು ಕಷ್ಟ. ನಿಮ್ಮದರಲ್ಲಿ ಹಾಗೆ ಆಗಿಲ್ಲ, ಒಳ್ಳೆಯದಾಯಿತು.

ಈಗ ಕೋಡಿನ ಹೆಸರನ್ನು ಇನ್ನೊಮ್ಮೆ ಓದಿ. 'ಸೆನ್ಸರ್ ಸರ್ಕ್ಯೂಟ್' ಅಂತ ಇದೆ. ಬರೀ ಸೆನ್ಸರ್ ಅಂತ ಇಲ್ಲ. ಸರ್ಕ್ಯೂಟ್ ಅಂದರೆ ಸೆನ್ಸರ್, ಕನೆಕ್ಟರ್, ವೈರ್, ಇಸಿಯುವಿನ ಪಿನ್, ಎಲ್ಲವೂ ಸೇರಿತು. ಮೊದಲ ಪದ ಓದಿ ಸೆನ್ಸರ್ ಬದಲಾಯಿಸಿದರು, ಕೊನೆಯ ಪದ ಓದಲಿಲ್ಲ. ನಮ್ಮ ಕೆಲಸದಲ್ಲಿ ಈ ತಪ್ಪು ತುಂಬಾ ಆಗುತ್ತದೆ, ಅದಕ್ಕೆ ನನಗೆ ಬೇಜಾರಿದೆ. ಮೂರು ದಿನ ಸರಿ ಇದ್ದದ್ದು ಯಾಕೆ ಗೊತ್ತಾ? ಸೆನ್ಸರ್ ಬದಲಾಯಿಸುವಾಗ ವೈರ್ ಅಲುಗಾಡಿ ತುದಿಗಳು ತಾಗಿರಬೇಕು.

ನಾಪೋಕ್ಲು ಗದ್ದೆ | ಜುಲೈ 28, ರಾತ್ರಿ 7:20

ಓದಿ ಮೈ ಜುಂ ಅಂತು. ಈಗ ಏನು ಮಾಡಲಿ? ನಾನೇ ನೋಡಬಹುದಾ?

ಮೂರ್ನಾಡು ಸ್ಪ್ಯಾನರ್ | ಜುಲೈ 28, ರಾತ್ರಿ 7:50

ನೋಡಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆ ಮಾಡಿ. ಎಂಜಿನ್ ಶುರು ಮಾಡಬೇಡಿ, ಕೀ ಮಾತ್ರ ಆನ್. ಆದರೂ ಫ್ಯಾನ್ ತಿರುಗುತ್ತಿರಬಹುದು, ಅಥವಾ ಇದ್ದಕ್ಕಿದ್ದಂತೆ ತಿರುಗಬಹುದು. ಕೈ, ಸೆರಗು, ಶಾಲು ಏನೂ ಅದರ ಹತ್ತಿರ ಹೋಗಬಾರದು.

ಒಬ್ಬರು ಒಳಗೆ ಕೂತು ಟ್ಯಾಬ್‌ನಲ್ಲಿ ಕೂಲೆಂಟ್ ಅಂಕಿ ನೋಡಲಿ. ನೀವು ಸೆನ್ಸರ್‌ನಿಂದ ಬರುವ ವೈರನ್ನು ಒಂದೊಂದು ಗೇಣು ಹಿಡಿದು ಮೆಲ್ಲಗೆ ಅಲುಗಾಡಿಸುತ್ತಾ ಹೋಗಿ. ಅಂಕಿ ಎಲ್ಲಿ ಜಿಗಿಯುತ್ತದೋ ತೊಂದರೆ ಅಲ್ಲೇ ಇದೆ.

ಎಲ್ಲೂ ಜಿಗಿಯದಿದ್ದರೆ ನನ್ನ ಹತ್ತಿರ ತನ್ನಿ. ನಾನು ಸೆನ್ಸರ್ ಕನೆಕ್ಟರ್ ಬಿಚ್ಚಿ ಅದರ ಎರಡು ಪಿನ್ ಸೇರಿಸಿ ನೋಡುತ್ತೇನೆ. ಅಂಕಿ ಮೈನಸ್ 40ರಿಂದ ನೂರರ ಮೇಲೆ ಹಾರಿದರೆ ವೈರ್ ಚೆನ್ನಾಗಿದೆ, ಸೆನ್ಸರ್ ಕೆಟ್ಟಿದೆ. ಅಲ್ಲಾಡದೆ ಮೈನಸ್ 40ರಲ್ಲೇ ನಿಂತರೆ ವೈರ್ ಕಡಿದಿದೆ. ಇದನ್ನು ಮಾತ್ರ ನೀವು ಮಾಡಬೇಡಿ. ಬೇರೆ ಕನೆಕ್ಟರ್ ಬಿಚ್ಚಿ ಅದರ ಪಿನ್ ಸೇರಿಸಿದರೆ ಇಸಿಯು ಸುಟ್ಟು ಹೋಗಬಹುದು.

ಗೋಣಿಕೊಪ್ಪ ಮಳೆ | ಜುಲೈ 28, ರಾತ್ರಿ 8:30

ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ಪಕ್ಕದಲ್ಲಿ ಭತ್ತದ ಮೂಟೆ ಏನಾದರೂ ಇದೆಯಾ?

ನಾಪೋಕ್ಲು ಗದ್ದೆ | ಜುಲೈ 28, ರಾತ್ರಿ 8:41

ಇದೆ. ಯಾಕೆ?

ಗೋಣಿಕೊಪ್ಪ ಮಳೆ | ಜುಲೈ 28, ರಾತ್ರಿ 8:44

ಇಲಿ.

ಶನಿವಾರಸಂತೆ ದಾರಿ | ಜುಲೈ 29, ಬೆಳಿಗ್ಗೆ 10:00

ಬೈಕಿಗೆ ಇದು ಆಗುತ್ತಾ? ಹಾಗೇ ನಮ್ಮ ಚಿಕ್ಕಪ್ಪನ ಎಲೆಕ್ಟ್ರಿಕ್ ಕಾರಿಗೆ?

ಸಂಪಾಜೆ ತಿರುವು | ಜುಲೈ 29, ಬೆಳಿಗ್ಗೆ 11:15

ಹಲವು ಬಿಎಸ್ 6 ಬೈಕುಗಳಲ್ಲಿ 6 ಪಿನ್ನಿನ ಕನೆಕ್ಟರ್ ಇರುತ್ತದೆ, ಸಾಮಾನ್ಯವಾಗಿ ಸೀಟಿನ ಕೆಳಗೆ. ಅದರಿಂದ 16 ಪಿನ್ನಿಗೆ ಬದಲಾಯಿಸುವ ಕೇಬಲ್ ಸಿಗುತ್ತದೆ. ಎಲೆಕ್ಟ್ರಿಕ್ ಕಾರಿಗೆ ಈ ಸಾಮಾನ್ಯ ಆ್ಯಪ್‌ಗಳು ಹೆಚ್ಚು ಏನೂ ಹೇಳುವುದಿಲ್ಲ. ಒಬಿಡಿ ಬಂದಿದ್ದೇ ಹೊಗೆ ನಿಯಂತ್ರಣಕ್ಕೆ. ಆ ಮಾಡೆಲ್‌ಗೇ ಅಂತ ಮಾಡಿದ ಆ್ಯಪ್ ಇದ್ದರೆ ಮಾತ್ರ ಪ್ರಯೋಜನ. ಎಬಿಎಸ್, ಏರ್‌ಬ್ಯಾಗ್ ಕೋಡುಗಳೂ ಹಾಗೆಯೇ, ಎಲ್ಲ ಡಬ್ಬಿಗೂ ಸಿಗುವುದಿಲ್ಲ. ಆ್ಯಪ್ 'ಕೋಡ್ ಇಲ್ಲ' ಅಂದಿತು ಅಂತ ಉರಿಯುವ ಏರ್‌ಬ್ಯಾಗ್ ಲೈಟ್ ಬಿಟ್ಟು ಓಡಿಸಬೇಡಿ.

ನಾಪೋಕ್ಲು ಗದ್ದೆ | ಜುಲೈ 30, ಮಧ್ಯಾಹ್ನ 12:30

ಸಿಕ್ಕಿತು.

ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಒಳಗೆ ಕೂರಲು ಮಗ ಇರಲಿಲ್ಲ, ಶಾಲೆಗೆ ಹೋಗಿದ್ದ. ಅಮ್ಮ 'ನಾನು ಕೂರುತ್ತೇನೆ' ಅಂದರು. ಕನ್ನಡಕ ಹಾಕಿಕೊಂಡು ಟ್ಯಾಬ್ ಮಡಿಲಲ್ಲಿ ಇಟ್ಟುಕೊಂಡು ಕೂತರು. ನಾನು ಬಾನೆಟ್ ಎತ್ತಿ ವೈರ್ ಹಿಡಿದೆ. ಫ್ಯಾನ್ ಕೀ ಆನ್ ಮಾಡಿದ ಕೂಡಲೇ ತಿರುಗಲು ಶುರು ಮಾಡಿತು, ಆದ್ದರಿಂದ ತುಂಬಾ ಹುಷಾರಾಗಿ ಇನ್ನೊಂದು ಕಡೆಯಿಂದ ಕೈ ಹಾಕಿದೆ.

ಅಮ್ಮ ಒಳಗಿಂದ ಹೇಳುತ್ತಾ ಹೋದರು. 'ಮೈನಸ್ ನಲವತ್ತು. ಮೈನಸ್ ನಲವತ್ತು. ಮೈನಸ್ ನಲವತ್ತು.' ಎಂಜಿನ್ ಹಿಂದೆ ವೈರ್ ಒಂದು ಬ್ರಾಕೆಟ್ ದಾಟಿ ತಿರುಗುವ ಕಡೆ ಕೈ ಇಟ್ಟೆ. 'ಇಪ್ಪತ್ತೊಂದು!' ಅಂದರು. ಕೈ ಬಿಟ್ಟೆ. 'ಮತ್ತೆ ಮೈನಸ್ ನಲವತ್ತು.' ಹಿಡಿದೆ. 'ಇಪ್ಪತ್ತೊಂದು.' ನಾವಿಬ್ಬರೂ ಆಮೇಲೆ ನಾಲ್ಕೈದು ಸಲ ಅದನ್ನೇ ಮಾಡಿದೆವು, ನಂಬಿಕೆ ಬರಲು.

ಪ್ಲಾಸ್ಟಿಕ್ ಕೊಳವೆ ಸರಿಸಿ ನೋಡಿದರೆ ವೈರ್ ಮೇಲೆ ಹಲ್ಲಿನ ಗುರುತು. ಒಂದು ವೈರ್ ಪೂರ್ತಿ ಕಡಿದಿದೆ, ತುದಿ ಹಸಿರಾಗಿದೆ. ಪಕ್ಕದ್ದರ ಸಿಪ್ಪೆ ಅರ್ಧ ಹೋಗಿದೆ. ಕೆಳಗೆ ಭತ್ತದ ಹೊಟ್ಟು. ಗೋಣಿಕೊಪ್ಪದವರೇ, ನೀವು ಒಂದೇ ಪದದಲ್ಲಿ ಹೇಳಿದ್ದು ನಿಜ.

ಮೂರ್ನಾಡು ಸ್ಪ್ಯಾನರ್ | ಜುಲೈ 30, ಮಧ್ಯಾಹ್ನ 1:05

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಈ ಪರೀಕ್ಷೆಗೆ ನನ್ನ ಹತ್ತಿರ ಬಂದರೂ ನನಗೂ ಇನ್ನೊಬ್ಬರು ಬೇಕೇ ಬೇಕು.

ಸುಮ್ಮನೆ ತಿರುಚಿ ಟೇಪ್ ಸುತ್ತಬೇಡಿ. ನಮ್ಮ ಮಳೆಗೆ ಟೇಪ್ ಒಳಗೆ ನೀರು ಹೋಗಿ ತಾಮ್ರ ಮತ್ತೆ ಹಸಿರಾಗುತ್ತದೆ, ಮುಂದಿನ ಕಕ್ಕಡಕ್ಕೆ ಇದೇ ಕಥೆ. ಹಸಿರಾದ ಭಾಗ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ವೈರಿಗೆ ಅಂಟುವ) ಕೊಳವೆ ಹಾಕಬೇಕು. ಸಿಪ್ಪೆ ಹೋದದ್ದಕ್ಕೂ ಅದೇ. ನಾಳೆ ಬನ್ನಿ, ಒಂದು ಗಂಟೆ ಕೆಲಸ. ಕಾವೇರಿ ತುಂಬಿ ರಸ್ತೆಗೆ ನೀರು ಬಂದಿದ್ದರೆ ಬರಬೇಡಿ, ನಾನೇ ಆ ಕಡೆಯಿಂದ ಸುತ್ತಿ ಬರುತ್ತೇನೆ.

ಕೋಡ್ ಈಗಲೂ ಅಳಿಸಬೇಡಿ. ವೈರ್ ಸರಿಯಾದ ಮೇಲೆ ಅಳಿಸೋಣ.

ಕಣದ ಕಾಫಿ | ಜುಲೈ 30, ರಾತ್ರಿ 9:15

ಇದನ್ನೆಲ್ಲ ಓದಿ ಇವತ್ತು ಸೈಲೆನ್ಸರ್ ನೋಡಿಸಿದೆ. ಜಾಯಿಂಟ್‌ನಲ್ಲಿ ಲೀಕ್ ಇತ್ತು, ಗ್ಯಾಸ್ಕೆಟ್ ಹೋಗಿತ್ತು. ಹಾಕಿಸಿದ್ದೇನೆ. ಕೋಡ್ ಮತ್ತೆ ಬರುತ್ತಾ ಅಂತ ನೋಡಲು ಎಷ್ಟು ದಿನ ಬೇಕು?

ಮೂರ್ನಾಡು ಸ್ಪ್ಯಾನರ್ | ಜುಲೈ 30, ರಾತ್ರಿ 9:40

ಆ್ಯಪ್‌ನಲ್ಲಿ 'ರೆಡಿನೆಸ್' ಅಂತ ಒಂದು ಪುಟ ಇದೆ. ಕ್ಯಾಟಲಿಸ್ಟ್ ಮುಂದೆ 'ಮುಗಿದಿಲ್ಲ' ಅಂತ ಇರುವವರೆಗೆ ಗಾಡಿ ಇನ್ನೂ ಪರೀಕ್ಷೆ ಮಾಡಿಲ್ಲ ಅಂತ ಅರ್ಥ, ಲೈಟ್ ಇಲ್ಲ ಅಂತ ಸಮಾಧಾನ ಪಡಬೇಡಿ. 'ಮುಗಿದಿದೆ' ಅಂತ ಬಂದ ಮೇಲೂ ಪೆಂಡಿಂಗ್ (ಇನ್ನೂ ಖಚಿತವಾಗದ ಕೋಡುಗಳ) ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ ನಿಶ್ಚಿಂತೆಯಿಂದ ಇರಿ.

ಸಿದ್ದಾಪುರ ಸೇತುವೆ | ಆಗಸ್ಟ್ 2, ಸಂಜೆ 5:00

ಪಿರಿಯಾಪಟ್ಟಣದ ಕಡೆ ಹೋಗಿ ಬಂದೆ. ಎಕ್ಸಾಸ್ಟ್ 590ರವರೆಗೆ ಏರಿತು, ಹದಿನೇಳು ನಿಮಿಷದಲ್ಲಿ ಇಳಿಯಿತು. ಲೈಟ್ ಹೋಗಿದೆ. ಆಯಿಲ್ ಮಟ್ಟ ಮೇಲಿನ ಗೆರೆಗಿಂತ ಒಂದು ಬೆರಳು ಜಾಸ್ತಿ ಇತ್ತು, ಸೋಮವಾರ ಬದಲಾಯಿಸುತ್ತಿದ್ದೇನೆ.

ನಾಪೋಕ್ಲು ಗದ್ದೆ | ಆಗಸ್ಟ್ 3, ಬೆಳಿಗ್ಗೆ 8:20

ಇವತ್ತು ಕಕ್ಕಡ ಪದಿನೆಟ್ಟ್, ಕಕ್ಕಡದ ಹದಿನೆಂಟನೇ ದಿನ. ಮದ್ದುಸೊಪ್ಪಿನ ಪಾಯಸ ಒಲೆ ಮೇಲಿದೆ.

ವೈರ್ ಬೆಸುಗೆ ಆಗಿದೆ. ಮೂರ್ನಾಡಿನವರು ಕೂಲಿ ಮಾತ್ರ ತೆಗೆದುಕೊಂಡರು, 350 ರೂಪಾಯಿ. ಭತ್ತದ ಮೂಟೆ ಅಟ್ಟಕ್ಕೆ ಹೋಯಿತು. ರಾತ್ರಿ ಬಾನೆಟ್ ಎತ್ತಿಟ್ಟು ಒಳಗೆ ಬಲ್ಬ್ ಹಾಕಿಡುತ್ತಿದ್ದೇನೆ, ಕತ್ತಲಿಲ್ಲದಿದ್ದರೆ ಇಲಿ ಬರುವುದು ಕಡಿಮೆ ಅಂತ ಅವರು ಹೇಳಿದರು.

ನಿನ್ನೆ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮೊದಲು ಅಮ್ಮನೇ ಟ್ಯಾಬ್ ಕೇಳಿ ತೆಗೆದುಕೊಂಡರು. ಒಳಗೆ ಬರುವ ಗಾಳಿ 20, ಕೂಲೆಂಟ್ 20. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಒಂದೇ ಇರಬೇಕು ಅಂತ ಸ್ಪ್ಯಾನರ್ ಅವರು ಹೇಳಿಕೊಟ್ಟಿದ್ದರು, ಅಮ್ಮ ಅದನ್ನು ನೆನಪಿಟ್ಟುಕೊಂಡಿದ್ದಾರೆ. ಎಂಜಿನ್ ಶುರು ಮಾಡಿದೆ. ಫ್ಯಾನ್ ತಿರುಗಲಿಲ್ಲ. ಮೂರ್ನಾಡು ಮುಟ್ಟುವಾಗ 88ಕ್ಕೆ ಬಂತು, ಮಡಿಕೇರಿವರೆಗೂ ಅಲ್ಲೇ ಇತ್ತು.